ರಟ್ಟೀಹಳ್ಳಿ ಭಾಗದ ಕಿರು ಉದ್ದಿಮೆಗಳು ಹಾಗೂ ಸ್ವಸಹಾಯ ಗುಂಪುಗಳಿಗೆ ಮಾಹಿತಿ: ಸಾಮಾಜಿಕ ಜಾಲತಾಣಗಳಲ್ಲಿ ಉತ್ಪನ್ನಗಳ ಪೋಸ್ಟ್ ಹಾಕಲು ಸೂಕ್ತ ವೇಳೆ

1. ಪೀಠಿಕೆ

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಕುಮುದ್ವತಿ ನದಿಯ ದಂಡೆಯ ರಟ್ಟೀಹಳ್ಳಿಯು ಮೊದಲು ಹಿರೇಕೆರೂರು ತಾಲ್ಲೂಕಿಗೆ ಸೇರಿದ್ದು, 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗಿ ಅಸ್ತಿತ್ವಕ್ಕೆ ಬಂದಿತು. ಗೋವಿನಜೋಳ ಹಾಗೂ ಹತ್ತಿ ಈ ಭಾಗದ ಪ್ರಮುಖ ಬೆಳೆಗಳು. ಹೊಲದ ಕೆಲಸದ ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಖಾರಪುಡಿ, ಶಾವಿಗೆ, ಹಪ್ಪಳ, ಕೌದಿ ಮುಂತಾದವುಗಳನ್ನು ತಯಾರಿಸುವ ಕುಟುಂಬಗಳು ಹಾಗೂ ಮಹಿಳಾ ಸ್ವಸಹಾಯ ಗುಂಪುಗಳು ಇತ್ತೀಚಿನ ವರ್ಷಗಳಲ್ಲಿ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಹಾಗೂ ಯೂಟ್ಯೂಬ್‌ಗಳ ಮೂಲಕ ದೂರದ ಊರುಗಳ ಗ್ರಾಹಕರನ್ನು ತಲುಪಲು ಸಾಧ್ಯವಾಗಿದೆ.

ಇಂತಹ ಉತ್ಪಾದಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೆಂದರೆ, ಪೋಸ್ಟ್ ಹಾಕಲು ಯಾವ ಹೊತ್ತು ಒಳ್ಳೆಯದು ಎಂಬುದು. ಪ್ರಶ್ನೆ ಹೊಸದಲ್ಲ. ಹಿಂದೆ ಊರಿನಲ್ಲಿ ಡಂಗುರ ಸಾರುವವರು ಜನರು ಹೊಲದಿಂದ ಮನೆಗೆ ಮರಳಿದ ವೇಳೆಯನ್ನೇ ಆರಿಸಿಕೊಳ್ಳುತ್ತಿದ್ದರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಕೇಂದ್ರವು ರೈತರಿಗಾಗಿ ಇರುವ ಕಾರ್ಯಕ್ರಮಗಳನ್ನು ಸಂಜೆಯ ವೇಳೆಗೆ ಪ್ರಸಾರ ಮಾಡುತ್ತಿದ್ದುದಕ್ಕೂ ಕಾರಣ ಇದೇ ಆಗಿತ್ತು. ಕೇಳುವವರ ಬಿಡುವನ್ನು ನೋಡಿ ಹೇಳುವ ಹೊತ್ತನ್ನು ನಿಗದಿಪಡಿಸುವುದು ಇದರ ಮೂಲ ತತ್ವ.

ಆದರೆ ಸಾಮಾಜಿಕ ಜಾಲತಾಣದಲ್ಲಿ ಇನ್ನೊಂದು ಅಂಶ ಸೇರಿಕೊಳ್ಳುತ್ತದೆ. ಡಂಗುರಕ್ಕೆ ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಪೋಸ್ಟ್ ನೋಡಿದ ಗ್ರಾಹಕರು ಕೂಡಲೇ ದರ, ತೂಕ, ಕಳುಹಿಸುವ ವಿಧಾನಗಳನ್ನು ಕೇಳುತ್ತಾರೆ; ಉತ್ತರ ತಡವಾದರೆ ಬೇರೆಡೆ ಹೋಗುತ್ತಾರೆ. ಆದ್ದರಿಂದ ಗ್ರಾಹಕರಿಗೆ ನೋಡಲು ಬಿಡುವಿದ್ದು, ಉತ್ಪಾದಕರಿಗೆ ಉತ್ತರಿಸಲು ಹಾಗೂ ಸರಕು ಒದಗಿಸಲು ಸಾಧ್ಯವಿರುವ ಹೊತ್ತೇ ಸೂಕ್ತ ವೇಳೆಯಾಗಿರುತ್ತದೆ. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಪೋಸ್ಟ್‌ನಿಂದ ಪ್ರಯೋಜನ ದೊರೆಯುವುದು ಕಷ್ಟ. ಈ ಕುರಿತ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗೆ ನೀಡಲಾಗಿದೆ.

2. ಈ ಮಾಹಿತಿ ಯಾರಿಗೆ ಅನ್ವಯಿಸುತ್ತದೆ

ಅ) ಮನೆಯಲ್ಲಿ ಅಥವಾ ಸಣ್ಣ ಘಟಕದಲ್ಲಿ ಆಹಾರ ಪದಾರ್ಥ ತಯಾರಿಸಿ ಮಾರಾಟ ಮಾಡುವವರು.
ಆ) ಸಂಜೀವಿನಿ ಯೋಜನೆಯಡಿ ರಚನೆಯಾದ ಸ್ವಸಹಾಯ ಗುಂಪುಗಳು ಹಾಗೂ ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟಗಳು.
ಇ) ತಾವು ಬೆಳೆದ ಮೆಣಸಿನಕಾಯಿ, ಮಾವು ಮುಂತಾದ ಉತ್ಪನ್ನಗಳನ್ನು ನೇರವಾಗಿ ಮಾರುವ ರೈತರು.
ಈ) ಕೌದಿ, ಹೊಲಿಗೆ ಮುಂತಾದ ಕೈಕೆಲಸದ ವಸ್ತುಗಳನ್ನು ತಯಾರಿಸುವವರು.

3. ಪೋಸ್ಟ್ ಹಾಕುವ ಮುನ್ನ ಪೂರ್ಣಗೊಳಿಸಬೇಕಾದ ನೋಂದಣಿಗಳು

ವೇಳೆಯನ್ನು ಆರಿಸುವ ಮೊದಲು ಈ ಕೆಳಕಂಡವುಗಳನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

ಅ) ಉದ್ಯಮ್ ನೋಂದಣಿ: ಸೂಕ್ಷ್ಮ, ಸಣ್ಣ ಹಾಗೂ ಮಧ್ಯಮ ಉದ್ದಿಮೆಗಳ ಈ ನೋಂದಣಿ ವ್ಯವಸ್ಥೆಯು 2020ರ ಜುಲೈ 1ರಿಂದ ಜಾರಿಯಲ್ಲಿದೆ. ಸರ್ಕಾರಿ ಜಾಲತಾಣದಲ್ಲಿ ಆಧಾರ್ ಸಂಖ್ಯೆಯ ಮೂಲಕ ನೋಂದಾಯಿಸಿಕೊಳ್ಳಲು ಯಾವುದೇ ಶುಲ್ಕವಿರುವುದಿಲ್ಲ. ಇದಕ್ಕಾಗಿ ಸರ್ಕಾರಿ ಶುಲ್ಕವೆಂದು ಯಾರಾದರೂ ಹಣ ಕೇಳಿದಲ್ಲಿ ಕೊಡಬಾರದು.

ಆ) ಆಹಾರ ಸುರಕ್ಷತಾ ನೋಂದಣಿ: ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಮೇರೆಗೆ ಮನೆಯಲ್ಲಿಯೇ ತಯಾರಿಸಿ ಮಾರುವ ರೊಟ್ಟಿ, ಚಟ್ನಿ, ಉಂಡಿಗಳಿಗೂ ನೋಂದಣಿ ಅಗತ್ಯ. ಫಾಸ್ಕಾಸ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ದೊರೆತ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸತಕ್ಕದ್ದು. ಪೋಸ್ಟ್‌ನ ಚಿತ್ರದಲ್ಲಿಯೂ ಈ ಸಂಖ್ಯೆ ಕಾಣುವಂತಿದ್ದರೆ ಗ್ರಾಹಕರ ವಿಶ್ವಾಸ ಹೆಚ್ಚುತ್ತದೆ.

ಇ) ಪೊಟ್ಟಣದ ವಿವರ: ಕಾನೂನು ಮಾಪನಶಾಸ್ತ್ರ ನಿಯಮಗಳು, 2011ರಂತೆ ಪೊಟ್ಟಣದ ಸರಕಿನ ಮೇಲೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ಹಾಗೂ ವಿಳಾಸ ಮುಂತಾದ ವಿವರಗಳಿರಬೇಕು.

ಈ) ಭೌಗೋಳಿಕ ಸೂಚಕ: ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಬೇರೆ ತಳಿಯ ಮೆಣಸಿನಕಾಯಿಯ ಪುಡಿಯನ್ನು ಬ್ಯಾಡಗಿ ಹೆಸರಿನಲ್ಲಿ ಪ್ರಚಾರ ಮಾಡುವುದು ಕಾನೂನಿಗೆ ವಿರುದ್ಧ.

4. ಜಾಲತಾಣಗಳು ಪೋಸ್ಟ್‌ಗಳನ್ನು ತೋರಿಸುವ ವಿಧಾನ

ಎಲ್ಲ ಜಾಲತಾಣಗಳಲ್ಲಿ ವೇಳೆಗೆ ಒಂದೇ ಪ್ರಮಾಣದ ಮಹತ್ವ ಇರುವುದಿಲ್ಲ. ಪ್ರತಿಯೊಂದರ ಕಾರ್ಯವಿಧಾನವನ್ನು ತಿಳಿದಲ್ಲಿ ಅನಗತ್ಯ ಶ್ರಮವನ್ನು ತಪ್ಪಿಸಬಹುದು.

ವಾಟ್ಸಾಪ್ ಸಂದೇಶ: ಕಳುಹಿಸಿದ ಕ್ಷಣದಲ್ಲಿಯೇ ಗ್ರಾಹಕರ ಮೊಬೈಲ್ ಸದ್ದು ಮಾಡುತ್ತದೆ. ಆದ್ದರಿಂದ ಇಲ್ಲಿ ಗಡಿಯಾರದ ಮಹತ್ವ ಅತಿ ಹೆಚ್ಚು. ಬೆಳಗಿನ ಜಾವ ಅಥವಾ ರಾತ್ರಿ 9 ಗಂಟೆಯ ನಂತರ ವ್ಯಾಪಾರದ ಸಂದೇಶ ಕಳುಹಿಸಿದರೆ ಗ್ರಾಹಕರು ಸಂಖ್ಯೆಯನ್ನು ನಿರ್ಬಂಧಿಸುವ ಸಾಧ್ಯತೆ ಇರುತ್ತದೆ. ಪ್ರಸಾರ ಪಟ್ಟಿಯ ಮೂಲಕ ಕಳುಹಿಸಿದ ಸಂದೇಶವು, ಉತ್ಪಾದಕರ ಸಂಖ್ಯೆಯನ್ನು ತಮ್ಮ ಮೊಬೈಲ್‌ನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ ಎಂಬುದನ್ನೂ ಗಮನಿಸತಕ್ಕದ್ದು.

ವಾಟ್ಸಾಪ್ ಸ್ಟೇಟಸ್ ಹಾಗೂ ಇನ್‌ಸ್ಟಾಗ್ರಾಂ ಸ್ಟೋರಿ: ಇವು 24 ಗಂಟೆಗಳ ನಂತರ ತಾವಾಗಿಯೇ ಮರೆಯಾಗುತ್ತವೆ. ಒಂದು ಪೂರ್ಣ ದಿನ ಕಾಣಿಸುವುದರಿಂದ ನಿಮಿಷದ ಲೆಕ್ಕ ಮುಖ್ಯವಲ್ಲ. ಆದರೆ ಮಾರಾಟ ಆರಂಭವಾಗುವ ದಿನಕ್ಕೆ ಮೊದಲೇ ಅವಧಿ ಮುಗಿಯದಂತೆ ನೋಡಿಕೊಳ್ಳಬೇಕು.

ಇನ್‌ಸ್ಟಾಗ್ರಾಂ ಹಾಗೂ ಫೇಸ್‌ಬುಕ್ ಪೋಸ್ಟ್: ಇನ್‌ಸ್ಟಾಗ್ರಾಂ ಮೊದಲು ಪೋಸ್ಟ್‌ಗಳನ್ನು ಹಾಕಿದ ಕ್ರಮದಲ್ಲಿಯೇ ತೋರಿಸುತ್ತಿತ್ತು. 2016ರಿಂದ ನೋಡುಗರ ಆಸಕ್ತಿಯನ್ನು ಅಂದಾಜಿಸಿ ಕ್ರಮ ನಿರ್ಧರಿಸುವ ವ್ಯವಸ್ಥೆ ಬಂದಿತು. ಹೀಗಾಗಿ ಬೆಳಿಗ್ಗೆ ಹಾಕಿದ ಪೋಸ್ಟ್ ಸಂಜೆಯೂ ಕಾಣಬಹುದು. ಆದಾಗ್ಯೂ ಹಾಕಿದ ಕೂಡಲೇ ನಾಲ್ಕಾರು ಜನ ನೋಡಿ ಪ್ರತಿಕ್ರಿಯಿಸಿದರೆ ಪೋಸ್ಟ್ ಮುಂದೆ ಸಾಗಲು ಅನುಕೂಲವಾಗುತ್ತದೆ.

ರೀಲ್ಸ್ ಹಾಗೂ ಯೂಟ್ಯೂಬ್ ವಿಡಿಯೊ: ಇವು ಹಲವು ದಿನಗಳವರೆಗೆ, ಕೆಲವೊಮ್ಮೆ ತಿಂಗಳುಗಳ ನಂತರವೂ ಹೊಸಬರಿಗೆ ಕಾಣಿಸುತ್ತವೆ. ಇಲ್ಲಿ ಗಂಟೆಗಿಂತ ಹಂಗಾಮು ಮುಖ್ಯ.

5. ಗ್ರಾಹಕರ ದಿನಚರಿ

ಎಲ್ಲರಿಗೂ ಅನ್ವಯಿಸುವ ಒಂದೇ ಉತ್ತಮ ವೇಳೆ ಎಂಬುದಿಲ್ಲ. ಅಂತರ್ಜಾಲದಲ್ಲಿ ದೊರೆಯುವ ಇಂತಹ ಪಟ್ಟಿಗಳಲ್ಲಿ ಹೆಚ್ಚಿನವು ಹೊರದೇಶದ ದೊಡ್ಡ ಕಂಪನಿಗಳ ಗ್ರಾಹಕರನ್ನು ಆಧರಿಸಿದವು. ಅವನ್ನು ಯಥಾವತ್ತಾಗಿ ಅನುಸರಿಸುವುದು ಸೂಕ್ತವಲ್ಲ. ಗ್ರಾಹಕರು ಯಾರೆಂಬುದನ್ನು ಮೊದಲು ಗುರುತಿಸಿ, ಅವರ ದಿನದಲ್ಲಿ ಬಿಡುವು ಎಲ್ಲಿದೆ ಎಂದು ಯೋಚಿಸತಕ್ಕದ್ದು. ಪರೀಕ್ಷೆ ಆರಂಭಿಸಲು ಈ ಕೆಳಗಿನ ಅಂದಾಜುಗಳನ್ನು ಬಳಸಬಹುದು.

ಅ) ಬೆಂಗಳೂರು, ಹುಬ್ಬಳ್ಳಿಯಂತಹ ನಗರಗಳ ನೌಕರರು: ಬೆಳಿಗ್ಗೆ ಕಚೇರಿಗೆ ಪ್ರಯಾಣಿಸುವಾಗ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ರಾತ್ರಿ 8ರ ನಂತರ.
ಆ) ಗೃಹಿಣಿಯರು: ಮಕ್ಕಳನ್ನು ಶಾಲೆಗೆ ಕಳುಹಿಸಿದ ನಂತರ ಬೆಳಿಗ್ಗೆ 10ರಿಂದ 11.30, ಮಧ್ಯಾಹ್ನ 2ರಿಂದ 4.
ಇ) ಸುತ್ತಮುತ್ತಲಿನ ಹಳ್ಳಿಗಳ ರೈತ ಕುಟುಂಬಗಳು: ಸಂಜೆ 7ರಿಂದ 8.30.
ಈ) ಅಂಗಡಿ ಹಾಗೂ ಖಾನಾವಳಿ ನಡೆಸುವವರು: ವ್ಯಾಪಾರದ ಭರಾಟೆ ಇಲ್ಲದ ಮಧ್ಯಾಹ್ನ 3ರಿಂದ 5.

ವಾರದ ದಿನಗಳಲ್ಲಿಯೂ ವ್ಯತ್ಯಾಸವಿರುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವಹಿವಾಟು ಮುಖ್ಯವಾಗಿ ಸೋಮವಾರ ಹಾಗೂ ಗುರುವಾರ ನಡೆಯುತ್ತದೆ. ಆ ದಿನಗಳಲ್ಲಿ ಬೆಳೆಗಾರರೂ ವ್ಯಾಪಾರಿಗಳೂ ಮಾರುಕಟ್ಟೆಯ ಗಡಿಬಿಡಿಯಲ್ಲಿರುತ್ತಾರೆ. ಖಾರಪುಡಿ ಮಾರುವವರಿಗೆ ಅಂದಿನ ದರ ತಿಳಿದು ಹೊಸ ಬೆಲೆ ನಿಗದಿಪಡಿಸಲು ಮಂಗಳವಾರ ಅಥವಾ ಶುಕ್ರವಾರ ಅನುಕೂಲ. ತಮ್ಮ ಊರಿನ ಸಂತೆಯ ದಿನ ಉತ್ಪಾದಕರೇ ಸಂತೆಯಲ್ಲಿ ಕುಳಿತಿರುವುದರಿಂದ ಅಂದು ಹೊಸ ಪೋಸ್ಟ್ ಹಾಕದಿರುವುದು ಒಳಿತು. ಮಾಸಿಕ ವೇತನದ ಮೇಲೆ ಅವಲಂಬಿತರಾದ ಗ್ರಾಹಕರಿಗೆ ತಿಂಗಳ ಮೊದಲ ವಾರ ಸೂಕ್ತ.

6. ಉತ್ಪಾದಕರ ದಿನಚರಿ

ಸ್ವಸಹಾಯ ಗುಂಪುಗಳಲ್ಲಿ ಹಲವು ಬಾರಿ ಸ್ಮಾರ್ಟ್‌ಫೋನ್ ಒಂದೇ ಇದ್ದು, ಅದು ಒಬ್ಬ ಸದಸ್ಯೆಯ ಅಥವಾ ಅವರ ಮಕ್ಕಳ ಕೈಯಲ್ಲಿರುತ್ತದೆ. ಸದಸ್ಯೆಯರು ಬೆಳಿಗ್ಗೆ ರೊಟ್ಟಿ ಬಡಿಯುವ ಕೆಲಸದಲ್ಲಿ, ನಂತರ ಹೊಲದಲ್ಲಿ ಇರುತ್ತಾರೆ. ಈ ಹೊತ್ತಿನಲ್ಲಿ ಪೋಸ್ಟ್ ಹಾಕಿದರೆ ಬಂದ ಪ್ರಶ್ನೆಗಳು ಸಂಜೆಯವರೆಗೆ ಉತ್ತರವಿಲ್ಲದೆ ಉಳಿಯುತ್ತವೆ. ಇದನ್ನು ತಪ್ಪಿಸಲು ಈ ಕೆಳಕಂಡ ಕ್ರಮಗಳನ್ನು ಅನುಸರಿಸಬಹುದು.

ಅ) ಪೋಸ್ಟ್ ಹಾಕಿದ ನಂತರದ ಒಂದು ಗಂಟೆ ಮೊಬೈಲ್ ಬಳಿ ಇದ್ದು ಉತ್ತರಿಸುವ ಹೊಣೆಯನ್ನು ಒಬ್ಬ ಸದಸ್ಯೆಗೆ ವಹಿಸಬೇಕು. ಈ ಹೊಣೆಯನ್ನು ಸರದಿಯಂತೆ ಬದಲಾಯಿಸಬಹುದು.

ಆ) 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಉತ್ಪನ್ನಗಳ ಪಟ್ಟಿ, ಮೊದಲೇ ಬರೆದಿಟ್ಟ ಉತ್ತರಗಳು ಹಾಗೂ ಬಿಡುವಿಲ್ಲದ ವೇಳೆಯಲ್ಲಿ ತಾನಾಗಿಯೇ ಹೋಗುವ ಸಂದೇಶದ ಸೌಲಭ್ಯಗಳಿವೆ. "ಸದಸ್ಯೆಯರು ಹೊಲದ ಕೆಲಸದಲ್ಲಿದ್ದಾರೆ, ಸಂಜೆ 7 ಗಂಟೆಗೆ ಉತ್ತರಿಸಲಾಗುವುದು" ಎಂಬ ಒಂದು ಸಾಲು ಗ್ರಾಹಕರನ್ನು ಉಳಿಸಿಕೊಳ್ಳಲು ಸಹಾಯಕ.

ಇ) ಫೇಸ್‌ಬುಕ್ ಹಾಗೂ ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನು ಬಿಡುವಿನಲ್ಲಿ ಸಿದ್ಧಪಡಿಸಿ, ಮುಂದೆ ನಿಗದಿತ ದಿನ ಹಾಗೂ ಗಂಟೆಗೆ ಪ್ರಕಟವಾಗುವಂತೆ ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಇರಿಸಬಹುದು. ಇದಕ್ಕೆ ಶುಲ್ಕವಿಲ್ಲ. ಯೂಟ್ಯೂಬ್‌ನಲ್ಲಿಯೂ ಇಂತಹ ಸೌಲಭ್ಯವಿದೆ.

ಈ) ಸರಕು ಕಳುಹಿಸುವ ದಿನವನ್ನು ಗಮನದಲ್ಲಿಟ್ಟುಕೊಳ್ಳಬೇಕು. ಶನಿವಾರ ರಾತ್ರಿ ಬಂದ ಬೇಡಿಕೆಯನ್ನು ಅಂಚೆ ಕಚೇರಿಯಲ್ಲಿ ಸೋಮವಾರವೇ ಸಲ್ಲಿಸಲು ಸಾಧ್ಯ. ಸಾರಿಗೆ ಸಂಸ್ಥೆಗಳ ಬಸ್ಸುಗಳಲ್ಲಿ 2021ರಿಂದ ನಮ್ಮ ಕಾರ್ಗೊ ಹೆಸರಿನ ಪಾರ್ಸಲ್ ಸೇವೆ ಇದ್ದು, ಬಸ್ ನಿಲ್ದಾಣಕ್ಕೆ ಬಂದು ಪಡೆಯಬಲ್ಲ ಗ್ರಾಹಕರಿಗೆ ಇದು ಅನುಕೂಲ. ಸರಕು ಯಾವ ದಿನ ಹೊರಡುತ್ತದೆ ಎಂಬುದನ್ನು ಪೋಸ್ಟ್‌ನಲ್ಲಿಯೇ ನಮೂದಿಸತಕ್ಕದ್ದು.

7. ಹಂಗಾಮು ಹಾಗೂ ಹಬ್ಬಗಳಿಗೆ ಅನುಸಾರ ವಾರ್ಷಿಕ ಯೋಜನೆ

ಈ ಭಾಗದ ಉತ್ಪನ್ನಗಳಿಗೆ ದಿನದ ಗಂಟೆಗಿಂತ ವರ್ಷದ ಹಂಗಾಮು ಹೆಚ್ಚು ಮುಖ್ಯವಾಗಿರುತ್ತದೆ. ಮುಖ್ಯ ಅವಧಿಗಳು ಈ ಕೆಳಗಿನಂತಿವೆ.

ಜನವರಿ: ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಹಾಗೂ ಚಟ್ನಿಪುಡಿಗಳಿಗೆ ಬೇಡಿಕೆ ಇರುತ್ತದೆ. ಪೋಸ್ಟ್‌ಗಳನ್ನು ಡಿಸೆಂಬರ್ ಕೊನೆಯ ವಾರದಿಂದಲೇ ಆರಂಭಿಸಬೇಕು.

ಫೆಬ್ರುವರಿಯಿಂದ ಮೇ: ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಹೆಚ್ಚಾಗಿ ಬರುವ ಕಾಲ. ಬೇಸಿಗೆಯಲ್ಲಿ ಇಡೀ ವರ್ಷದ ಖಾರ ಕುಟ್ಟಿಸಿಡುವ ರೂಢಿ ಉತ್ತರ ಕರ್ನಾಟಕದ ಮನೆಗಳಲ್ಲಿ ಇದೆ. ಬಿಸಿಲು ಬಲವಾಗಿರುವುದರಿಂದ ಶಾವಿಗೆ, ಹಪ್ಪಳ, ಸಂಡಿಗೆಗಳನ್ನು ಒಣಗಿಸುವುದೂ ಇದೇ ಅವಧಿಯಲ್ಲಿ. ಒಣಗಿಸುವ, ಕುಟ್ಟುವ ಕೆಲಸದ ಚಿತ್ರಗಳನ್ನು ಈಗಲೇ ತೆಗೆದಿಟ್ಟುಕೊಂಡರೆ ಮಳೆಗಾಲದ ಪೋಸ್ಟ್‌ಗಳಿಗೂ ಉಪಯೋಗವಾಗುತ್ತವೆ. ಮೆಣಸಿನಕಾಯಿಯ ಡಬ್ಬಿ ಹಾಗೂ ಕಡ್ಡಿ ಎಂಬ ಎರಡು ಬಗೆಗಳ ವ್ಯತ್ಯಾಸವನ್ನು ಪೋಸ್ಟ್‌ನಲ್ಲಿ ವಿವರಿಸಿದರೆ ನಗರದ ಗ್ರಾಹಕರಿಗೆ ಆಯ್ಕೆ ಸುಲಭವಾಗುತ್ತದೆ.

ಏಪ್ರಿಲ್‌ನಿಂದ ಜೂನ್: ಹಾನಗಲ್ ಭಾಗದ ಮಾವಿನ ಹಂಗಾಮು. ಹಣ್ಣು ಕಾಯುವುದಿಲ್ಲವಾದ್ದರಿಂದ ಕೊಯ್ಲಿಗೆ ಒಂದು ವಾರ ಮುಂಚೆ ಬೇಡಿಕೆ ಪಡೆದು, ಕೊಯ್ದ ದಿನವೇ ಕಳುಹಿಸುವುದು ಸೂಕ್ತ.

ಜೂನ್‌ನಿಂದ ಆಗಸ್ಟ್: ಬಿತ್ತನೆ ಹಾಗೂ ಕಳೆ ತೆಗೆಯುವ ಕಾಲ. ಮಹಿಳೆಯರ ಶ್ರಮಕ್ಕೆ ಹೊಲದಲ್ಲಿ ಬೇಡಿಕೆ ಹೆಚ್ಚು. ಇದೇ ಅವಧಿಯಲ್ಲಿ ನಾಗರ ಪಂಚಮಿಯೂ ಬರುತ್ತದೆ.

ಅಕ್ಟೋಬರ್‌ನಿಂದ ಡಿಸೆಂಬರ್: ದಸರಾ, ಶೀಗಿ ಹುಣ್ಣಿಮೆ, ದೀಪಾವಳಿ ಹಾಗೂ ಗೋವಿನಜೋಳ, ಹತ್ತಿಯ ಕೊಯ್ಲು ಒಟ್ಟಿಗೆ ಬರುವ ಕಾಲ. ಶೀಗಿ ಹುಣ್ಣಿಮೆಯ ದಿನ ಕುಟುಂಬಗಳು ಪೂಜೆಗೆ ಹೊಲಕ್ಕೆ ಹೋಗುವುದರಿಂದ ಅಂದು ಬೇಡಿಕೆ ಪಡೆಯುವ ಪೋಸ್ಟ್ ಬೇಡ. ಹಬ್ಬದ ಶುಭಾಶಯವಷ್ಟೇ ಸಾಕು.

8. ನಾಗರ ಪಂಚಮಿ: ವಿವರವಾದ ಮಾದರಿ

ನಾಗರ ಪಂಚಮಿಯು ಈ ಭಾಗದ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ತವರಿಗೆ ಬರುವ ಹೆಣ್ಣುಮಕ್ಕಳಿಗಾಗಿ ಶೇಂಗಾ ಉಂಡಿ, ಎಳ್ಳುಂಡಿ, ಬುಂದೆ ಉಂಡಿ, ತಂಬಿಟ್ಟು, ಅರಳುಗಳನ್ನು ಮಾಡಲಾಗುತ್ತದೆ. ಊರಿಗೆ ಬರಲಾಗದೆ ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಉಳಿದವರು ತವರಿನ ರುಚಿಯ ಉಂಡಿಗಳನ್ನು ತರಿಸಿಕೊಳ್ಳಲು ಇಚ್ಛಿಸುತ್ತಾರೆ. ಗುಂಪುಗಳಿಗೆ ಇದು ಒಳ್ಳೆಯ ಅವಕಾಶ. ಆದರೆ ಬೇಡಿಕೆ ಹೆಚ್ಚುವ ಈ ವಾರಗಳಲ್ಲಿಯೇ ಕೆಲಸಕ್ಕೆ ಕೈಗಳು ಕಡಿಮೆ ಇರುತ್ತವೆ. ಮುಂಗಡ ಹಣ ಪಡೆದು ಹಬ್ಬಕ್ಕೆ ಉಂಡಿ ತಲುಪಿಸದಿದ್ದರೆ ಆ ಗ್ರಾಹಕರು ಮರಳಿ ಬರುವುದಿಲ್ಲ. ಶೇಂಗಾ, ಬೆಲ್ಲಕ್ಕಾಗಿ ಗುಂಪು ಮಾಡಿದ ಸಾಲವೂ ಹೊರೆಯಾಗುತ್ತದೆ.

ಆದ್ದರಿಂದ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ ಯೋಜನೆ ರೂಪಿಸತಕ್ಕದ್ದು. ಪಂಚಮಿಯು ಶ್ರಾವಣ ಶುದ್ಧ ಪಂಚಮಿಯಂದು, ಜುಲೈ ಅಥವಾ ಆಗಸ್ಟ್ ತಿಂಗಳಲ್ಲಿ ಬರುತ್ತದೆ. ಅದಕ್ಕೆ ಮೊದಲು ಅಧಿಕ ಮಾಸ ಬಂದ ವರ್ಷಗಳಲ್ಲಿ ಹಬ್ಬ ಮುಂದಕ್ಕೆ ಹೋಗುವುದರಿಂದ ಕಳೆದ ವರ್ಷದ ದಿನಾಂಕವನ್ನು ಅವಲಂಬಿಸದೆ ಪಂಚಾಂಗವನ್ನು ನೋಡಬೇಕು. ಮಾದರಿ ಯೋಜನೆ ಈ ಕೆಳಗಿನಂತಿದೆ.

ಹಬ್ಬಕ್ಕೆ 25 ದಿನ ಮೊದಲು: ಗುಂಪಿನ ಸಭೆ. ಎಷ್ಟು ಕಿಲೊ ಉಂಡಿ ಕಟ್ಟಲು ಸಾಧ್ಯ ಎಂಬ ಗರಿಷ್ಠ ಮಿತಿಯನ್ನು ನಿರ್ಧರಿಸಿ ನಡಾವಳಿ ಪುಸ್ತಕದಲ್ಲಿ ಬರೆಯುವುದು.
21 ದಿನ ಮೊದಲು: ಮೊದಲ ಪೋಸ್ಟ್. ದರ, ತೂಕ, ಬೇಡಿಕೆ ಪಡೆಯುವ ಕೊನೆಯ ದಿನ ಹಾಗೂ ಗರಿಷ್ಠ ಮಿತಿಯನ್ನು ತಿಳಿಸುವುದು.
15 ದಿನ ಮೊದಲು: ಎರಡನೆಯ ಪೋಸ್ಟ್. ಹಳೆಯ ಗ್ರಾಹಕರಿಗೆ ವಾಟ್ಸಾಪ್ ಸಂದೇಶ.
11 ದಿನ ಮೊದಲು: ಕೊನೆಯ ಜ್ಞಾಪನೆ. ಮಿತಿ ತುಂಬಿದ್ದರೆ ಜ್ಞಾಪನೆಯ ಬದಲು ಬೇಡಿಕೆ ಮುಗಿದಿದೆ ಎಂದು ತಿಳಿಸುವುದು.
10 ದಿನ ಮೊದಲು: ಬೇಡಿಕೆ ಪಡೆಯುವುದನ್ನು ನಿಲ್ಲಿಸುವುದು.
9ರಿಂದ 7 ದಿನ ಮೊದಲು: ತಯಾರಿಕೆ.
6 ದಿನ ಮೊದಲು: ಸರಕು ರವಾನೆ. ಕಳುಹಿಸಿದ ರಸೀದಿಯ ಚಿತ್ರವನ್ನು ಗ್ರಾಹಕರಿಗೆ ಕಳುಹಿಸುವುದು.

ಹಬ್ಬಕ್ಕೆ ಎರಡು ದಿನ ಇರುವಾಗ ಹಾಕಿದ ಪೋಸ್ಟ್‌ಗೆ ಅತಿ ಹೆಚ್ಚು ಮೆಚ್ಚುಗೆ ಬರಬಹುದು. ಆದರೆ ಆ ಮೆಚ್ಚುಗೆಯಿಂದ ದೂರದ ಊರಿಗೆ ಒಂದು ಉಂಡಿಯೂ ಮಾರಾಟವಾಗದು.

9. ಹೊರದೇಶದಲ್ಲಿರುವ ಕನ್ನಡಿಗ ಗ್ರಾಹಕರು

ಹೊರದೇಶದಲ್ಲಿರುವ ಮಕ್ಕಳು ಊರಿನಲ್ಲಿರುವ ತಂದೆ ತಾಯಿಗೆ ಅಥವಾ ಬೆಂಗಳೂರಿನ ಬಂಧುಗಳಿಗೆ ತಲುಪಿಸುವಂತೆ ಹಣ ಪಾವತಿಸಿ ಸರಕು ತರಿಸುವುದುಂಟು. ಊರಿಗೆ ಬಂದು ಹೋಗುವವರ ಕೈಯಲ್ಲಿ ಖಾರಪುಡಿ, ಚಟ್ನಿಪುಡಿಗಳನ್ನು ಒಯ್ಯುವುದೂ ಉಂಟು. ಅಲ್ಲಿ ರಾತ್ರಿ 8 ಗಂಟೆಯಾದಾಗ ಭಾರತದಲ್ಲಿ ಇರುವ ವೇಳೆ ಈ ಕೆಳಗಿನಂತಿದೆ.

ದುಬೈ: ರಾತ್ರಿ 9.30
ಸಿಂಗಪುರ: ಸಂಜೆ 5.30
ಸಿಡ್ನಿ: ಮಧ್ಯಾಹ್ನ 3.30 (ಅಲ್ಲಿನ ಬೇಸಿಗೆಯಲ್ಲಿ, ಅಕ್ಟೋಬರ್‌ನಿಂದ ಏಪ್ರಿಲ್ ಆರಂಭದವರೆಗೆ, 2.30)
ಲಂಡನ್: ಮಧ್ಯರಾತ್ರಿ 12.30 (ಚಳಿಗಾಲದಲ್ಲಿ 1.30)
ನ್ಯೂಯಾರ್ಕ್: ಮರುದಿನ ಬೆಳಿಗ್ಗೆ 5.30 (ಚಳಿಗಾಲದಲ್ಲಿ 6.30)
ಕ್ಯಾಲಿಫೋರ್ನಿಯಾ: ಮರುದಿನ ಬೆಳಿಗ್ಗೆ 8.30 (ಚಳಿಗಾಲದಲ್ಲಿ 9.30)

ಅಮೆರಿಕದಲ್ಲಿ ಗಡಿಯಾರವನ್ನು ಮಾರ್ಚ್ ಹಾಗೂ ನವೆಂಬರ್ ತಿಂಗಳುಗಳಲ್ಲಿ, ಬ್ರಿಟನ್‌ನಲ್ಲಿ ಮಾರ್ಚ್ ಹಾಗೂ ಅಕ್ಟೋಬರ್ ಕೊನೆಯಲ್ಲಿ ಬದಲಿಸುತ್ತಾರೆ. ಮೇಲ್ಕಂಡ ಪಟ್ಟಿಯಿಂದ ತಿಳಿಯುವಂತೆ, ಕ್ಯಾಲಿಫೋರ್ನಿಯಾದ ಸಂಜೆ ರಟ್ಟೀಹಳ್ಳಿಯ ಬೆಳಗು ಆಗಿರುವುದರಿಂದ ಆ ಗ್ರಾಹಕರಿಗೆ ಪೋಸ್ಟ್ ಹಾಕಿ ಕೂಡಲೇ ಉತ್ತರಿಸುವುದು ಸುಲಭ. ಲಂಡನ್‌ನ ಗ್ರಾಹಕರಿಗಾಗಿ ಯಾರೂ ನಿದ್ದೆಗೆಡಬೇಕಾಗಿಲ್ಲ. ಅಲ್ಲಿನ ಶನಿವಾರ ಹಾಗೂ ಭಾನುವಾರದ ಮಧ್ಯಾಹ್ನ ಇಲ್ಲಿನ ಸಂಜೆಯಾಗಿದ್ದು, ಆ ಹೊತ್ತನ್ನು ಬಳಸಿಕೊಳ್ಳಬಹುದು.

10. ಸ್ವಂತ ವೇಳೆಯನ್ನು ಕಂಡುಕೊಳ್ಳಲು ನಾಲ್ಕು ವಾರಗಳ ಪರೀಕ್ಷೆ

ಮೇಲಿನ ಅಂದಾಜುಗಳು ಆರಂಭಕ್ಕೆ ಮಾತ್ರ. ಪ್ರತಿ ಗುಂಪೂ ತನ್ನ ಸೂಕ್ತ ವೇಳೆಯನ್ನು ತಾನೇ ಪರೀಕ್ಷಿಸಿ ತಿಳಿಯಬೇಕು. ವಿಧಾನ ಈ ಕೆಳಗಿನಂತಿದೆ.

ಅ) ಎರಡು ವೇಳೆಗಳನ್ನು ಆರಿಸಿಕೊಳ್ಳುವುದು. ಉದಾಹರಣೆಗೆ, ಬೆಳಿಗ್ಗೆ 10.30 ಹಾಗೂ ರಾತ್ರಿ 8.30.
ಆ) ಮೊದಲ ಹಾಗೂ ಮೂರನೆಯ ವಾರ ಬೆಳಿಗ್ಗೆ, ಎರಡನೆಯ ಹಾಗೂ ನಾಲ್ಕನೆಯ ವಾರ ರಾತ್ರಿ ಪೋಸ್ಟ್ ಹಾಕುವುದು. ವಾರಕ್ಕೆ ಎರಡು ಪೋಸ್ಟ್ ಸಾಕು. ಎಲ್ಲ ವಾರಗಳಲ್ಲಿಯೂ ಅದೇ ದಿನಗಳಿರಲಿ.
ಇ) ಉತ್ಪನ್ನ, ದರ ಹಾಗೂ ಚಿತ್ರದ ಬಗೆಯನ್ನು ಬದಲಿಸಬಾರದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ವ್ಯತ್ಯಾಸಕ್ಕೆ ಕಾರಣ ಯಾವುದೆಂದು ತಿಳಿಯುವುದಿಲ್ಲ. ಪರೀಕ್ಷೆಯ ಅವಧಿಯಲ್ಲಿ ದೊಡ್ಡ ಹಬ್ಬ ಇರದಂತೆ ನೋಡಿಕೊಳ್ಳುವುದು.
ಈ) ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ವಾರ, ಗಂಟೆ, 24 ಗಂಟೆಗಳಲ್ಲಿ ನೋಡಿದವರು, ವಿಚಾರಿಸಿದವರು, ಒಂದು ಗಂಟೆಯೊಳಗೆ ಉತ್ತರ ಪಡೆದವರು, ಖರೀದಿಸಿದವರು, ಬಂದ ಹಣ ಎಂಬ ಅಂಕಣಗಳಲ್ಲಿ ದಾಖಲಿಸುವುದು.

ಲೆಕ್ಕದ ವಿಧಾನವನ್ನು ತಿಳಿಸಲು ಒಂದು ಕಾಲ್ಪನಿಕ ಉದಾಹರಣೆ: ಬೆಳಗಿನ ನಾಲ್ಕು ಪೋಸ್ಟ್‌ಗಳನ್ನು ಒಟ್ಟು 400 ಜನ ನೋಡಿ, 12 ಜನ ವಿಚಾರಿಸಿ, 12 ಜನರಿಗೂ ಕೂಡಲೇ ಉತ್ತರ ದೊರೆತು, 7 ಜನ ಖರೀದಿಸಿದರು. ರಾತ್ರಿಯ ನಾಲ್ಕು ಪೋಸ್ಟ್‌ಗಳನ್ನು 700 ಜನ ನೋಡಿ, 20 ಜನ ವಿಚಾರಿಸಿ, ಮೊಬೈಲ್ ಬಳಿ ಯಾರೂ ಇಲ್ಲದ್ದರಿಂದ 6 ಜನರಿಗೆ ಮಾತ್ರ ಅಂದೇ ಉತ್ತರ ದೊರೆತು, 4 ಜನ ಖರೀದಿಸಿದರು. ನೋಡಿದವರ ಸಂಖ್ಯೆಯಲ್ಲಿ ರಾತ್ರಿ ಮುಂದಿದ್ದರೂ ಈ ಗುಂಪಿಗೆ ಸದ್ಯ ಬೆಳಗಿನ ವೇಳೆಯೇ ಉತ್ತಮ. ರಾತ್ರಿ ಉತ್ತರಿಸುವ ಹೊಣೆಯನ್ನು ಒಬ್ಬರು ವಹಿಸಿಕೊಳ್ಳಲು ಸಾಧ್ಯವಾದಲ್ಲಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬಹುದು.

ಅನುಯಾಯಿಗಳು ಯಾವ ಗಂಟೆಗಳಲ್ಲಿ ಹೆಚ್ಚಾಗಿ ಜಾಲತಾಣದಲ್ಲಿರುತ್ತಾರೆ ಎಂಬ ಅಂಕಿ ಅಂಶಗಳು ಇನ್‌ಸ್ಟಾಗ್ರಾಂನ ವೃತ್ತಿಪರ ಖಾತೆಯಲ್ಲಿಯೂ, ಯೂಟ್ಯೂಬ್ ಸ್ಟುಡಿಯೊದಲ್ಲಿಯೂ ದೊರೆಯುತ್ತವೆ. ಅನುಯಾಯಿಗಳ ಸಂಖ್ಯೆ ಕಡಿಮೆ ಇರುವಾಗ ಈ ಅಂಕಿಗಳಿಗಿಂತ ನೋಟ್‌ಬುಕ್‌ನ ದಾಖಲೆಯೇ ಹೆಚ್ಚು ನಂಬಲರ್ಹ.

11. ಎಚ್ಚರಿಕೆ

ಅ) ಬೇಡಿಕೆ ನೀಡುವ ನೆಪದಲ್ಲಿ ಕರೆ ಮಾಡಿ, ಹಣ ಜಮೆಯಾಗಲು ಯುಪಿಐ ಪಿನ್ ಒತ್ತುವಂತೆ ಅಥವಾ ಕ್ಯೂಆರ್ ಚಿತ್ರ ಸ್ಕ್ಯಾನ್ ಮಾಡುವಂತೆ ಹೇಳಿದರೆ ನಂಬಬಾರದು. ಹಣ ಪಡೆಯಲು ಪಿನ್ ಅಗತ್ಯವಿಲ್ಲ. ಒಟಿಪಿಯನ್ನು ಯಾರಿಗೂ ತಿಳಿಸಬಾರದು.
ಆ) ಹಬ್ಬದ ಗಡಿಬಿಡಿಯಲ್ಲಿ ಪಾವತಿಯ ಚಿತ್ರವನ್ನಷ್ಟೇ ನೋಡಿ ಸರಕು ಕಳುಹಿಸದೆ, ಖಾತೆಗೆ ಹಣ ಬಂದಿರುವುದನ್ನು ಖಚಿತಪಡಿಸಿಕೊಳ್ಳಬೇಕು.
ಇ) ವಂಚನೆಗೆ ಒಳಗಾದಲ್ಲಿ ವಿಳಂಬ ಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು.
ಈ) ಒಪ್ಪಿಗೆ ಇಲ್ಲದೆ ಯಾರನ್ನೂ ವಾಟ್ಸಾಪ್ ಗುಂಪಿಗೆ ಸೇರಿಸಬಾರದು. ಗ್ರಾಹಕರ ವಿಳಾಸ, ಸಂಖ್ಯೆಗಳನ್ನು ಬೇರೆಯವರಿಗೆ ನೀಡಬಾರದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ದಿನಕ್ಕೆ ಎಷ್ಟು ಪೋಸ್ಟ್ ಹಾಕಬೇಕು?
ಉತ್ತರ: ಸಣ್ಣ ಗುಂಪಿಗೆ ವಾರಕ್ಕೆ ಎರಡು ಅಥವಾ ಮೂರು ಸಾಕು. ತಪ್ಪದೆ ಅದೇ ದಿನ, ಅದೇ ಹೊತ್ತಿಗೆ ಹಾಕುವುದು ಮುಖ್ಯ. ಸಂತೆಗೆ ವಾರ ಗೊತ್ತಿರುವಂತೆ ಗ್ರಾಹಕರಿಗೂ ಆ ಹೊತ್ತು ರೂಢಿಯಾಗುತ್ತದೆ.

ಪ್ರಶ್ನೆ: ನಿಗದಿತ ವೇಳೆಗೆ ವಿದ್ಯುತ್ ಅಥವಾ ನೆಟ್‌ವರ್ಕ್ ಇಲ್ಲದಿದ್ದರೆ?
ಉತ್ತರ: ಮೊದಲೇ ಸಿದ್ಧಪಡಿಸಿ ನಿಗದಿಪಡಿಸಿದ ಪೋಸ್ಟ್ ಮೊಬೈಲ್ ಬಂದ್ ಇದ್ದರೂ ಪ್ರಕಟವಾಗುತ್ತದೆ. ಆದರೆ ಉತ್ತರಿಸಲು ಬೇರೊಬ್ಬ ಸದಸ್ಯೆಯ ವ್ಯವಸ್ಥೆ ಇರಬೇಕು.

ಪ್ರಶ್ನೆ: ಹಣ ಕೊಟ್ಟು ಜಾಹೀರಾತು ಹಾಕುವುದು ಅಗತ್ಯವೇ?
ಉತ್ತರ: ನಾಲ್ಕು ವಾರಗಳ ಪರೀಕ್ಷೆಯ ಮೊದಲು ಅಗತ್ಯವಿಲ್ಲ. ಯಾವ ಹೊತ್ತಿಗೆ, ಯಾವ ಉತ್ಪನ್ನಕ್ಕೆ ಬೇಡಿಕೆ ಬರುತ್ತದೆ ಎಂದು ತಿಳಿದ ನಂತರ ಅಲ್ಪ ಮೊತ್ತದಿಂದ ಆರಂಭಿಸಬಹುದು.

ಪ್ರಶ್ನೆ: ಒಮ್ಮೆ ಕಂಡುಕೊಂಡ ವೇಳೆ ಯಾವಾಗಲೂ ಸರಿಯೇ?
ಉತ್ತರ: ಇಲ್ಲ. ಶಾಲೆಗಳ ರಜೆ, ಬಿತ್ತನೆ ಹಾಗೂ ಕೊಯ್ಲಿನ ಅವಧಿಗಳಲ್ಲಿ ಎರಡೂ ಕಡೆಯ ದಿನಚರಿ ಬದಲಾಗುತ್ತದೆ. ವರ್ಷಕ್ಕೆ ಎರಡು ಬಾರಿಯಾದರೂ ಪರೀಕ್ಷಿಸುವುದು ಸೂಕ್ತ.

13. ಹೆಚ್ಚಿನ ಮಾಹಿತಿಗಾಗಿ

ಉದ್ದಿಮೆ ನೋಂದಣಿ ಹಾಗೂ ಯೋಜನೆಗಳ ಕುರಿತು ಹಾವೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು, ಸ್ವಸಹಾಯ ಗುಂಪುಗಳ ವಿಷಯಗಳಿಗೆ ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟವನ್ನು, ಬೆಳೆಗೆ ಸಂಬಂಧಿಸಿದ ಮಾಹಿತಿಗೆ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಭೇಟಿ ನೀಡುವಾಗ ಆಧಾರ್, ಬ್ಯಾಂಕ್ ಪಾಸ್‌ಬುಕ್‌ನ ಪ್ರತಿ, ಗುಂಪಿನ ನಡಾವಳಿ ಪುಸ್ತಕ ಹಾಗೂ ಮಾರಾಟದ ದಾಖಲೆಯ ನೋಟ್‌ಬುಕ್ ತೆಗೆದುಕೊಂಡು ಹೋಗುವುದು ಒಳಿತು.